ಗುರುಗ್ರಹದ ಮೇಲೊಂದು ಕಿಡಿ

ಮೊರಾಕ್ಕೋದ ಅಜ್ರೂ ಊರಿನಲ್ಲಿ ಗುರುಗ್ರಹದ ಚಿತ್ರ ತೆಗೆಯುವವರ ದೊಡ್ಡ ಶತ್ರು ಮೋಡವಲ್ಲ, ಹಮ್ಮಾಮು. ಕೇರಿಗೊಂದು ಸ್ನಾನದ ಮನೆ, ಸಂಜೆಯಾದರೆ ಅದರ ಒಲೆಗೆ ಕಟ್ಟಿಗೆ ಬೀಳುತ್ತದೆ, ಹೊಗೆಗೂಡಿನಿಂದ ಬಿಸಿಗಾಳಿ ಏಳುತ್ತದೆ. ಆ ಗಾಳಿಯ ಮೂಲಕ ನೋಡಿದರೆ ಗುರು ಕುದಿಯುವ ಎಸರಿನ ತಳದಲ್ಲಿ ಬಿದ್ದ ಕಾಸಿನಂತೆ ನಡುಗುತ್ತಾನೆ. ಎಷ್ಟು ದುಡ್ಡಿನ ದೂರದರ್ಶಕ ಇಟ್ಟುಕೊಂಡರೂ ಅಷ್ಟೇ. ಆದರೆ ರಂಜಾನ್ ತಿಂಗಳಲ್ಲಿ ದಿನಕ್ಕೊಮ್ಮೆ, ಸಂಜೆಯ ಅಜಾನ್ ಆದ ಮೇಲೆ ಸ್ವಲ್ಪ ಹೊತ್ತು, ಇಡೀ ಊರು ಹರೀರಾ ಸಾರಿನ ಬಟ್ಟಲಿಗೆ ತಲೆ ಬಗ್ಗಿಸಿ ಕೂತಿರುತ್ತದೆ. ಒಲೆಯವನೂ ಉಣ್ಣಲು ಹೋಗಿರುತ್ತಾನೆ. ಬೀದಿಯಲ್ಲಿ ಒಂದು ಕಾರೂ ಓಡುವುದಿಲ್ಲ. ಗಾಳಿ ನಿಲ್ಲುವುದು ಆಗ.

ಇತ್ತೋ ಎಂಬವಳು ಕಾಯುತ್ತಿದ್ದದ್ದು ಆ ಹೊತ್ತಿಗೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳುವ ಈ ಹೆಂಗಸು ರಂಜಾನ್ ಬಂತೆಂದರೆ ಖರ್ಜೂರ, ಒಂದು ಲೋಟ ಹಾಲು ಹಿಡಿದು ತಾರಸಿ ಹತ್ತುತ್ತಿದ್ದಳು. ಉಪವಾಸ ಬಿಡುವುದು ದೂರದರ್ಶಕದ ಪಕ್ಕದಲ್ಲಿ. ತಾರಸಿ ಹೇಗೂ ಹೆಂಗಸರ ರಾಜ್ಯ. ಹದ್ದು ಎಂಬ ಹೆಸರಿನ ಅವಳ ಗಂಡ ಕೂಡ ಮೆಟ್ಟಿಲ ಅರ್ಧದಲ್ಲೇ ಕೆಮ್ಮಿ, ಅಕ್ಕಪಕ್ಕದ ತಾರಸಿಯವರಿಗೆ ಸುದ್ದಿ ಮುಟ್ಟಿಸಿಯೇ ಮೇಲೆ ಬರುತ್ತಿದ್ದ.

"ಎಲ್ಲರ ಮನೆ ಸೊಸೇರು ಸಾರು ಬಡಿಸ್ತಾರೆ, ನಮ್ಮನೇದು ಆಕಾಶ ಬಡಿಸುತ್ತೆ" ಎಂದು ಅತ್ತೆ ಮೈಮೂನಾ ಕೆಳಗಿನಿಂದ ಕೂಗುವುದು ದಿನಾ ಇದ್ದದ್ದೇ.

ಆ ವರ್ಷ ರಂಜಾನ್ ಶುರುವಾದಾಗಿನಿಂದ ಮಳೆ, ಆಲಿಕಲ್ಲು. ದೂರದರ್ಶಕಕ್ಕೆ ಹೊದಿಸಿದ ಕಂಬಳಿ ತೆಗೆದಿರಲೇ ಇಲ್ಲ. ಮೂರು ವಾರ ಕಳೆದ ಮೇಲೆ ಒಂದು ಸಂಜೆ ಮೋಡ ಹರಿಯಿತು. ಇತ್ತೋ ಅಜಾನಿಗೆ ಮುಂಚೆಯೇ ಹತ್ತಿ, ರಾತ್ರಿಯ ಇಶಾ ನಮಾಜಿನವರೆಗೂ ಇಳಿಯದೆ ವಿಡಿಯೋ ಮೇಲೆ ವಿಡಿಯೋ ತೆಗೆದಳು. ಗ್ರಹದ ಚಿತ್ರ ಒಂದೇ ಸಲಕ್ಕೆ ಕ್ಲಿಕ್ಕಿಸಿ ಬರುವಂಥದ್ದಲ್ಲ. ಒಂದೊಂದು ವಿಡಿಯೋದಲ್ಲಿ ಸಾವಿರಾರು ಚಿತ್ರ. ಅದರಲ್ಲಿ ಗಾಳಿ ಅಲುಗದ ಕ್ಷಣದವನ್ನಷ್ಟೇ ಬೇಳೆ ಆರಿಸಿದಂತೆ ಆರಿಸಿ, ಒಂದರ ಮೇಲೊಂದು ಪೇರಿಸಬೇಕು.

ಮಾರನೆಯ ದಿನ ಹಾಗೆ ಆರಿಸುತ್ತಿದ್ದಾಗ ಅವಳಿಗೆ ಅದು ಸಿಕ್ಕಿತು. ಗುರುವಿನ ಕೆಳಗಿನ ಕಂದು ಪಟ್ಟಿಯ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ ಹುಟ್ಟಿತು, ಉರಿಯಿತು, ಆರಿತು. ಕಣ್ಣು ಮಿಟುಕಿಸಿದರೆ ಹೋಯಿತು. ಯಾವುದೋ ಕಲ್ಲು ಆಕಾಶದಿಂದ ಬಂದು ಗುರುವಿಗೆ ಬಡಿದು ಸುಟ್ಟುಹೋಗಿತ್ತು. ಇಂಥದ್ದನ್ನು ಕಂಡವರು ಲೋಕದಲ್ಲೇ ಬೆರಳೆಣಿಕೆಯಷ್ಟು ಜನ. ಇತ್ತೋ ವಿಡಿಯೋವನ್ನು ಮತ್ತೊಮ್ಮೆ ಹಾಕಿ ನೋಡಿದಳು. ವಿಡಿಯೋಗೆ ಲ್ಯಾಪ್‌ಟಾಪು ತಾನೇ ಹಚ್ಚಿದ್ದ ಹೊತ್ತನ್ನು, ಸಂಜೆ ಏಳೂಮುಕ್ಕಾಲು ಎಂದಿತ್ತು, ಹಾಗೆಯೇ ನಕಲು ಮಾಡಿ, ಗ್ರಹ ನೋಡುವವರ ಅಂತರರಾಷ್ಟ್ರೀಯ ಗುಂಪಿಗೆ ವಿಡಿಯೋ ಸಮೇತ ಮೊಬೈಲಿನಿಂದ ಬರೆದು ಕಳಿಸಿದಳು. ಆ ಗುಂಪಿಗೆ ಬಂದದ್ದನ್ನು ಪರೀಕ್ಷಿಸುವವನು ಲಿಸ್ಬನ್ನಿನ ದುವಾರ್ತೆ ಎಂಬವನು. ಅವರ ನಿಯಮ ಸರಳ: ಒಬ್ಬರು ಕಂಡರೆ ಸಾಲದು, ಬೇರೆ ಕಡೆಯಿಂದ ನೋಡಿದ ಇನ್ನೊಬ್ಬರ ಕ್ಯಾಮೆರಾದಲ್ಲೂ ಅದೇ ಕ್ಷಣಕ್ಕೆ ಅದೇ ಜಾಗದಲ್ಲಿ ಕಿಡಿ ಇರಬೇಕು.

ಉತ್ತರ ಮರುದಿನ ಬಂತು. ಮರ್ಯಾದೆಯ ಭಾಷೆ, ಆದರೆ ಒಳಗೆ ಚೂರಿ.

"ನೀವು ಹೇಳಿದ ಹೊತ್ತಿಗೆ ಇಟಲಿಯ ಇಬ್ಬರು ವಿಡಿಯೋ ತೆಗೆಯುತ್ತಿದ್ದರು. ಯಾವ ಕಿಡಿಯೂ ಇಲ್ಲ. ಅಲ್ಲದೆ ನಿಮ್ಮ ವಿಡಿಯೋದಲ್ಲಿ ಗುರುವಿನ ಕೆಂಪು ಮಚ್ಚೆ ಆ ಹೊತ್ತಿಗೆ ಇರಬೇಕಾದ ಜಾಗದಲ್ಲಿಲ್ಲ. ಈ ವಿಡಿಯೋ ಆ ಹೊತ್ತಿನದಲ್ಲ. ನಿಮ್ಮ ಊರಿನ ಸಂಘದಿಂದ ಹೋದ ವರ್ಷ ಬಂದ ಚಿತ್ರದ ನೆನಪು ನಮಗಿದೆ. ವಿವರಣೆ ಕೊಡಬೇಕಾಗಿ ವಿನಂತಿ."

ಹೋದ ವರ್ಷದ ಚಿತ್ರ! ಅದನ್ನು ಇತ್ತೋ ಮರೆಯುವುದಾದರೂ ಹೇಗೆ? ಊರಿನ ಖಗೋಳ ಸಂಘದ ಹಿರಿಯ, ಎಲ್ಲರೂ ಮರ್ಯಾದೆಗೆ ‘ಸಿ’ ಹಚ್ಚಿ ಕರೆಯುವ ಬೆನ್ನಾಸರ್, ಮಾರುಕಟ್ಟೆ ಹತ್ತಿರ ಫೋಟೋ ಸ್ಟುಡಿಯೋ ಇಟ್ಟವರು, ಗುರುವಿನದೊಂದು ಚಿತ್ರ ಕಳಿಸಿ ಹೊಗಳಿಸಿಕೊಂಡಿದ್ದರು. ಅದರಲ್ಲಿ ಒಂದು ತುಂಡು ಬೇರೆ ಯಾರದೋ ಚಿತ್ರದಿಂದ ಎತ್ತಿ ಹಚ್ಚಿದ್ದು. ಮದುಮಕ್ಕಳ ಮೊಡವೆ ಅಳಿಸಿ ಅಳಿಸಿ ಪಳಗಿದ ಕೈ, ಗುರುವನ್ನೂ ಬಿಡಲಿಲ್ಲ. ಅದನ್ನು ಹಿಡಿದವಳು ಇತ್ತೋ. ಕೆಂಪು ಗೆರೆಯಲ್ಲಿ ಸುತ್ತು ಹಾಕಿ ಸಂಘದ ಸಭೆಯಲ್ಲಿ ಪರದೆಯ ಮೇಲೆ ತೋರಿಸಿದವಳೂ ಅವಳೇ. "ಇಂಥವರ ಜೊತೆ ನಾನು ಒಂದೇ ಬೆಂಚಿನ ಮೇಲೆ ಕೂರೋದಿಲ್ಲ" ಎಂದಿದ್ದಳು. ಬೆನ್ನಾಸರ್ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಟೋಪಿ ತೆಗೆದುಕೊಂಡು ಎದ್ದು ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಈಗ ಅದೇ ಕೆಂಪು ಗೆರೆ ತನ್ನ ಸುತ್ತ ಬೀಳುತ್ತಿದೆ ಎಂದು ಇತ್ತೋಗೆ ಅನ್ನಿಸಿತು. ಕಾಗದದ ಮೇಲೆ ಲೆಕ್ಕ ಹಾಕಿದಳು. ದುವಾರ್ತೆ ಹೇಳಿದ್ದು ನಿಜ. ಮಚ್ಚೆ ಜಾಗ ತಪ್ಪಿತ್ತು. ಎಷ್ಟು ತಪ್ಪಿತ್ತೆಂದು ಲೆಕ್ಕ ಮುಂದುವರಿಸಿದರೆ, ಗುರು ತಿರುಗುವ ವೇಗಕ್ಕೆ ಸರಿಯಾಗಿ ಒಂದು ಗಂಟೆ. ಸರಿಯಾಗಿ ಒಂದೇ ಗಂಟೆ ಎಂಬುದನ್ನು ನೋಡಿದ್ದೇ ಅವಳು ಪೆನ್ಸಿಲ್ ಬಿಸಾಡಿ ತಾರಸಿಯ ಕೋಣೆಗೆ ಓಡಿದಳು. ಮೊಬೈಲಿನಲ್ಲಿ ಮೂರು ಗಂಟೆ. ಲ್ಯಾಪ್‌ಟಾಪಿನಲ್ಲಿ ನಾಲ್ಕು.

ವರ್ಷವಿಡೀ ಒಂದು ಗಂಟೆ ಮುಂದೆ ಓಡುವ ಸರ್ಕಾರದ ಗಡಿಯಾರ ರಂಜಾನ್ ಬಂದರೆ ಹಿಂದಕ್ಕೆ ಸರಿಯುತ್ತದೆ, ಹಬ್ಬವಾದ ಮೇಲೆ ಮತ್ತೆ ಮುಂದಕ್ಕೆ. ಮೊಬೈಲು ತಾನಾಗಿಯೇ ಸರಿಯಾಗುತ್ತದೆ. ಇಂಟರ್ನೆಟ್ ಕಾಣದ ಹಳೆಯ ಲ್ಯಾಪ್‌ಟಾಪಿಗೆ ಯಾರು ಹೇಳಬೇಕು?

"ಹದ್ದೂ!" ಎಂದು ಅವಳು ಕೂಗಿದ್ದಕ್ಕೆ ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವಳೂ ತಿರುಗಿ ನೋಡಿದಳು. "ಎಲ್ಲಾ ಗಡಿಯಾರಾನೂ ಹಿಂದಕ್ಕೆ ತಿರುಗಿಸ್ದೆ ಅಂದ್ಯಲ್ಲ ನೀನು!"

ಹದ್ದು ಕೆಮ್ಮುವುದನ್ನೂ ಮರೆತು ಮೇಲೆ ಬಂದ. "ತಿರುಗಿಸ್ದೆನಲ್ಲ. ಅಡಿಗೆಮನೇದು, ನಡುಮನೇದು. ಅಮ್ಮನ ಕೋಣೇದಕ್ಕೆ ಕೈ ಹಾಕಿ ಬೈಸ್ಕೊಂಡಿದ್ದೂ ಆಯ್ತು."

"ಇದು?"

"ಇದನ್ನ ನಾನ್ಯಾಕೆ ಮುಟ್ಲಿ? ನನ್ನ ಸಾಮಾನಿಗೆ ಕೈ ಹಾಕಿದ್ರೆ ಕೈ ಮುರೀತೀನಿ ಅಂದಿದ್ದೋಳು ಯಾರು? ನಮ್ಮ ಬೀದೀಲಿ ಅರ್ಧ ಜನಕ್ಕೆ ಕೇಳಿಸಿತ್ತು ಅದು."

ಕೆಳಗಿನಿಂದ ಮೈಮೂನಾ ದನಿ ಸೇರಿಸಿದಳು. "ನಾನು ಮೊದಲಿಂದ್ಲೂ ಹೇಳ್ತಿದೀನಿ, ನನ್ನ ಗಡಿಯಾರ ಬದಲಾಯಿಸ್ಬೇಡಿ ಅಂತ. ಸರ್ಕಾರ ಸೂರ್ಯನ್ನ ಎಳೆದಾಡಕ್ಕಾಗುತ್ತಾ?"

ಇತ್ತೋಗೆ ನಗು ಬರಲಿಲ್ಲ. ಗಂಡನ ಮೇಲೆ ಹಾಯುವಂತೆಯೂ ಇರಲಿಲ್ಲ, ತಪ್ಪು ತನ್ನದೇ. ಕಿಡಿ ಹೊತ್ತಿದ್ದು ಆರೂಮುಕ್ಕಾಲಿಗೆ, ಅಜಾನ್ ಆದ ಸ್ವಲ್ಪ ಹೊತ್ತಿಗೆ. ತಾನು ಬರೆದದ್ದು ಏಳೂಮುಕ್ಕಾಲು. ಕೂತಲ್ಲೇ ದುವಾರ್ತೆಗೆ ಎಲ್ಲ ವಿವರಿಸಿ ಬರೆದಳು. ಬರೆದು ಓದಿಕೊಂಡಾಗ ತನಗೇ ನಂಬಿಕೆ ಹುಟ್ಟಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಇತ್ತು ಅದು. ಆದರೂ ಕಳಿಸಿದಳು.

"ನಾವು ಅನುಮಾನಿಸಿದ ಮೇಲೆ ಹೊತ್ತು ಬದಲಾಗಿದೆ" ಎಂದು ದುವಾರ್ತೆ ಬರೆದ. "ನೀವು ಈಗ ಹೇಳುವ ಹೊತ್ತಿಗೆ ನಮ್ಮಲ್ಲೆಲ್ಲ ಮೋಡ. ಇಟಲಿಯವರು ಇನ್ನೂ ಶುರು ಮಾಡಿರಲಿಲ್ಲ. ಎರಡನೆಯ ವಿಡಿಯೋ ಇಲ್ಲದೆ ನಾನು ಏನೂ ಮಾಡಲಾರೆ."

ಆ ಸಂಜೆಯೇ ಸಂಘದ ಅಧ್ಯಕ್ಷರ ಫೋನು. "ಉಸ್ತಾದಾ, ನೀವು ಟೀಚರು, ನಿಮ್ಮ ಮೇಲೆ ನಂಗೇನೂ ಅನುಮಾನ ಇಲ್ಲ. ಆದ್ರೆ ಎರಡು ವರ್ಷದಲ್ಲಿ ಎರಡು ಸಲ ಅಂದ್ರೆ ಜನ ಏನಂತಾರೆ? ಶನಿವಾರದೊಳಗೆ ಇನ್ನೊಬ್ಬರ ವಿಡಿಯೋ ಬಂದ್ರೆ ಸರಿ. ಇಲ್ದಿದ್ರೆ ಸಂಘಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಬರೆದು ಹಾಕ್ಬೇಕಾಗುತ್ತೆ. ಹೋದ ವರ್ಷ ನೀವೇ ಹೇಳಿದ್ರಲ್ಲ, ಇದರಲ್ಲಿ ದಾಕ್ಷಿಣ್ಯ ಸಲ್ಲದು ಅಂತ."

ಹೇಳಿದ್ದಳು. ಆಡಿದ ಮಾತು ತಿರುಗಿ ಬಂದು ಬಾಗಿಲಲ್ಲಿ ನಿಂತಾಗ ಒಳಗೆ ಕರೆಯದೆ ವಿಧಿಯಿಲ್ಲ. ಅಂದು ಅವಳು ಹರೀರಾ ಬಟ್ಟಲನ್ನು ಮುಟ್ಟದೆ ಎದ್ದಳು. ಶಾಲೆಯಲ್ಲಿ ಹುಡುಗಿಯರು ಮುಗುಳ್ನಕ್ಕರೆ ತನ್ನನ್ನೇ ನೋಡಿ ನಕ್ಕರು ಅನ್ನಿಸತೊಡಗಿತು. ಸುಳ್ಳುಗಾರ್ತಿ ಅನ್ನಿಸಿಕೊಳ್ಳುವ ಭಯ ಎಂಥದ್ದೆಂದರೆ, ವಿಡಿಯೋವನ್ನು ಮತ್ತೆ ಮತ್ತೆ ಹಾಕಿ, ನಿಜವಾಗಿಯೂ ಆ ಕಿಡಿ ಅಲ್ಲಿದೆಯೇ ಎಂದು ತಾನೇ ನೋಡಿಕೊಳ್ಳುತ್ತಿದ್ದಳು.

ಇನ್ನೊಬ್ಬರ ವಿಡಿಯೋ ಎಲ್ಲಿಂದ ತರುವುದು? ಮೊರಾಕ್ಕೋ ದೇಶದಲ್ಲಿ ದೂರದರ್ಶಕ ಇರುವವರಿಗೇನೂ ಕೊರತೆಯಿಲ್ಲ. ಆದರೆ ಉಪವಾಸ ಬಿಡುವ ಗಳಿಗೆಯಲ್ಲಿ, ಹಸಿದ ಹೊಟ್ಟೆಯಲ್ಲಿ, ಸಾರಿನ ಬಟ್ಟಲು ಬಿಟ್ಟು ಗುರುವಿನ ಮುಂದೆ ಕೂರುವ ಹುಚ್ಚರು ಯಾರಿದ್ದಾರೆ? ಹೀಗೆ ಕೇಳಿಕೊಂಡಾಗ ಅವಳಿಗೆ ಉತ್ತರ ತಕ್ಷಣ ಹೊಳೆಯಿತು, ಹೊಳೆಯಬಾರದಿತ್ತು ಅಂತಲೂ ಅನ್ನಿಸಿತು. ಒಲೆಯವನು ಉಣ್ಣಲು ಹೋದಾಗ ಗಾಳಿ ನಿಲ್ಲುತ್ತದೆ ಎಂಬುದನ್ನು ಅವಳು ತಾನಾಗಿ ಕಂಡುಕೊಂಡದ್ದಲ್ಲ. ಕಲಿಸಿಕೊಟ್ಟವರು ಸಿ ಬೆನ್ನಾಸರ್.

ಹೋಗುವುದೋ ಬಿಡುವುದೋ ಎಂದು ಒಂದು ದಿನ ನುಂಗಲಾರದೆ ಉಗುಳಲಾರದೆ ಕಳೆದಳು. ಹೋದ ದಿನ ನೋಡಿದರೆ ರಂಜಾನಿನ ಇಪ್ಪತ್ತೇಳನೆಯ ಪುಣ್ಯರಾತ್ರಿಯ ಹಿಂದಿನ ಮಧ್ಯಾಹ್ನ. ಪುಟ್ಟ ಹುಡುಗಿಯರಿಗೆ ಮದುಮಗಳ ವೇಷ ಹಾಕಿಸಿ ಫೋಟೋ ತೆಗೆಸುವ ದಿನ. ಸ್ಟುಡಿಯೋ ಒಳಗೆ ಕಾಲಿಡಲು ಜಾಗವಿರಲಿಲ್ಲ. ಜರಿಯ ಕಫ್ತಾನು, ತಗಡಿನ ಕಿರೀಟ, ಕೆನ್ನೆಗೆ ಬಣ್ಣ ಬಳಿದುಕೊಂಡ ಐದಾರು ವರ್ಷದ ಮದುಮಕ್ಕಳು, ಒಬ್ಬಳು ಅಳುತ್ತಿದ್ದಾಳೆ, ಇನ್ನೊಬ್ಬಳು ಪಲ್ಲಕ್ಕಿಯಿಂದ ಇಳಿಯಲೊಲ್ಲಳು.

"ಮೂಗಿನ ಮೇಲಿನ ಗಾಯದ ಕಲೆ ತೆಗೆದುಬಿಡಿ ಸಿ ಬೆನ್ನಾಸರ್" ಎಂದಳು ಒಬ್ಬ ತಾಯಿ.

"ತೆಗೀತೀನಮ್ಮ. ಮೂಗಾದ್ರೂ ಬಿಡ್ಲಾ?" ಎಂದರು ಕ್ಯಾಮೆರಾದ ಹಿಂದಿನಿಂದ ಬೆನ್ನಾಸರ್. ತಲೆ ಎತ್ತಿದಾಗ ಇತ್ತೋ ಕಂಡಳು. ನಗು ಅರ್ಧಕ್ಕೇ ನಿಂತಿತು.

ಅವಳು ಗೋಡೆಗೆ ಒತ್ತಿಕೊಂಡು ಕಾದಳು. ಒಂದೊಂದು ಮದುಮಗಳು ಇಳಿಯುವಾಗಲೂ ಈಗಲೇ ಹೋಗಿಬಿಡೋಣ ಅನ್ನಿಸುತ್ತಿತ್ತು. ಕಡೆಗೆ ಅವರೇ ಪರದೆ ಸರಿಸಿ ಹಿಂದಿನ ಕೋಣೆ ತೋರಿಸಿದರು. ಅದರಾಚೆ ಸ್ಟುಡಿಯೋದ ಹಿತ್ತಲು. ಗಂಡಸಿಗೆ ತಾರಸಿ ಸಲ್ಲದೆಂದು ಅವರ ದೂರದರ್ಶಕ ಮೊದಲಿಂದಲೂ ಅಲ್ಲೇ, ಅತ್ತಿಮರದ ಪಕ್ಕದಲ್ಲೇ ಇರುತ್ತಿತ್ತು.

ಬರುವ ದಾರಿಯಲ್ಲಿ ಇತ್ತೋ ಒಂದು ತೀರ್ಮಾನ ಮಾಡಿಕೊಂಡಿದ್ದಳು. ಕಿಡಿಯ ಮಾತೇ ಎತ್ತಬಾರದು, ತನಗೆ ಏನು ಬೇಕೆಂದು ಗೊತ್ತಾದರೆ ಈ ಮನುಷ್ಯ ಬೇಕಾದ್ದನ್ನೇ ಹಚ್ಚಿಕೊಟ್ಟಾರು.

"ಮೋಡ ಹರಿದ ಆ ಮೊದಲನೇ ಸಂಜೆ ವಿಡಿಯೋ ತೆಗೆದ್ರಾ ಸಿ ಬೆನ್ನಾಸರ್?"

"ತೆಗೆದೆ."

"ನೋಡ್ಬೋದಾ?"

ಬೆನ್ನಾಸರ್ ಅವಳ ಮುಖವನ್ನೇ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತರು. "ಹಾಗಾದ್ರೆ ನೀನೂ ನೋಡಿದೀಯ."

"ಏನನ್ನ?"

"ಆ ಬೆಳಕು, ಲಾಲ್ಲಾ ಇತ್ತೋ" ಎಂದರು, ಹೆಂಗಸರ ಹೆಸರಿಗೆ ಹಚ್ಚುವ ಮರ್ಯಾದೆಯ ಮಾತನ್ನು ಈಗಲೂ ಬಿಡದೆ. " ಕೆಳಗಿನ ಪಟ್ಟಿ ಅಂಚಿಂದು. ಅಜಾನ್ ಆಗಿ ಖರ್ಜೂರದ ಬೀಜ ಇನ್ನೂ ಬಾಯಲ್ಲಿತ್ತು. ಪರದೆ ಮೇಲೆ ಕಣ್ಣಾರೆ ಕಂಡೆ. ಬೀಜ ನುಂಗೇಬಿಟ್ಟೆ."

ಅವರು ವಿಡಿಯೋ ಹಾಕಿದರು. ಅಲ್ಲಿತ್ತು. ಅದೇ ಪಟ್ಟಿ, ಅದೇ ಅಂಚು, ಹುಟ್ಟಿ, ಉರಿದು, ಆರಿದ ಅದೇ ಚುಕ್ಕೆ. ಹೊತ್ತು ಆರೂಮುಕ್ಕಾಲು. ಇತ್ತೋ ಕುಣಿಯಬೇಕಿತ್ತು. ಅವಳು ಮಾಡಿದ್ದೇನೆಂದರೆ, ಪರದೆಯ ಹತ್ತಿರ ಮುಖ ತಂದು, ಆ ಚುಕ್ಕೆಯ ಸುತ್ತ ಹಚ್ಚಿದ ಗುರುತು ಇದೆಯೇ ಎಂದು ಹುಡುಕಿದ್ದು. ಒಂದೊಂದೇ ಚಿತ್ರ ನಿಲ್ಲಿಸಿ ಹುಡುಕಿದಳು.

"ನೋಡು, ಚೆನ್ನಾಗಿ ನೋಡು" ಎಂದರು ಬೆನ್ನಾಸರ್. ದನಿಯಲ್ಲಿ ಸಿಟ್ಟಿರಲಿಲ್ಲ. "ಇದ್ರೆ ನಿನ್ನ ಕಣ್ಣಿಗೆ ತಪ್ಪಿಸ್ಕೊಳ್ಳಲ್ಲ ಅದು."

ಇತ್ತೋ ಕೈ ಹಿಂದಕ್ಕೆ ತೆಗೆದಳು. ತಾನು ಕೇಳುವ ಮುಂಚೆ ಜಾಗ ಹೇಳಿದವರು ಅವರು. ಸಂಘದ ಗುಂಪು ಬಿಟ್ಟು ವರ್ಷವಾಗಿದೆ, ತನ್ನ ಸುದ್ದಿ ಅವರಿಗೆ ಮುಟ್ಟಿರುವುದಕ್ಕೆ ಸಾಧ್ಯವಿಲ್ಲ. ಇದು ನಿಜವಾದದ್ದು.

"ಅವತ್ತೇ ಕಂಡಿದ್ರೆ ಯಾಕೆ ಯಾರಿಗೂ ಹೇಳ್ಲಿಲ್ಲ? ಜೀವಮಾನದಲ್ಲಿ ಒಂದು ಸಲ ಸಿಗೋದು ಇದು!"

"ಯಾರಿಗೆ ಹೇಳ್ಲಿ?" ಎಂದರು ಅವರು. "ಬೆನ್ನಾಸರ್ ಗುರು ಮೇಲೆ ಕಿಡಿ ಕಂಡ ಅಂದ್ರೆ ಯಾರು ನಂಬ್ತಿದ್ರು? ನೀನು ನಂಬ್ತಿದ್ಯಾ? ಹೆಂಡತಿಗೆ ಹೇಳ್ದೆ. ಪಾಪ, ಅವಳು ನಂಬಿದ್ಲು. ಅಷ್ಟು ಸಾಕು ಅಂದ್ಕೊಂಡೆ."

ಇತ್ತೋಗೆ ನಾಚಿಕೆಯಾಯಿತು, ತಲೆ ಎತ್ತಲಾರದಷ್ಟು ನಾಚಿಕೆಯಾಯಿತು. ಮೂರು ದಿನ ತನ್ನನ್ನು ಜನ ನಂಬಲಿಲ್ಲವೆಂದು ಅನ್ನ ಬಿಟ್ಟಿದ್ದಳು ತಾನು. ಇವರು ಒಂದು ವರ್ಷದಿಂದ ಅದನ್ನೇ ಉಂಡು ಮಲಗುತ್ತಿದ್ದರು. ತಡವರಿಸುತ್ತಾ ತನ್ನ ಕಥೆಯನ್ನೆಲ್ಲ ಹೇಳಿದಳು, ಗಡಿಯಾರದ್ದೂ, ದುವಾರ್ತೆಯದ್ದೂ, ಶನಿವಾರದ್ದೂ.

"ತಗೊಂಡು ಹೋಗು" ಎಂದರು ಬೆನ್ನಾಸರ್. "ಆದ್ರೆ ನನ್ನ ಹೆಸರು ಹಾಕ್ಬೇಡ. ನನ್ನ ಜೊತೆ ನೀನೂ ಮುಳುಗ್ತೀಯ. ಪಕ್ಕದೂರು ಇಫ್ರಾನಿನಲ್ಲಿ ನನ್ನ ಅಳಿಯ ಇದಾನೆ, ಅವನ ಹೆಸರು ಹಾಕು. ಅವನಿಗೂ ಗುರುವಿಗೂ ಸಂಬಂಧ ಇಲ್ಲ, ಆದ್ರೆ ಹೆಸರು ಚೊಕ್ಕವಾಗಿದೆ."

ಆಸೆಯಾಗಲಿಲ್ಲ ಅಂದರೆ ಸುಳ್ಳಾದೀತು. ಅಳಿಯನ ಹೆಸರು ಹಾಕಿದರೆ ನಾಳೆಯೇ ಎಲ್ಲ ಮುಗಿಯುತ್ತದೆ, ಶನಿವಾರ ತಲೆ ಎತ್ತಿ ಕೂರಬಹುದು. ಬೆನ್ನಾಸರ್ ಹೆಸರು ಕಂಡರೆ ದುವಾರ್ತೆ ತೆರೆದು ನೋಡುವುದೂ ಅನುಮಾನ. ಪರದೆಯಾಚೆ ಯಾವುದೋ ಮದುಮಗಳು ಕಿರೀಟ ಕಿತ್ತೆಸೆದು ಬೈಸಿಕೊಳ್ಳುತ್ತಿದ್ದಳು. ಇತ್ತೋ ಒಂದು ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ಅವರ ಕಂಪ್ಯೂಟರಿನಲ್ಲೇ ಟೈಪು ಮಾಡಿದಳು. ವಿಡಿಯೋ ತೆಗೆದವರು: ಬೆನ್ನಾಸರ್, ಅಜ್ರೂ. ಕೆಳಗೆ ತನ್ನ ಹೆಸರು.

"ಅಳಿಸು ಅದನ್ನ" ಎಂದರು ಅವರು, ನಿಜವಾಗಿ ಹೆದರಿ.

"ಅಳ್ಸೋ ಕೆಲಸ ನಿಮ್ದು. ನಂಗೆ ಬರಲ್ಲ" ಎಂದು ಇತ್ತೋ ಕಳಿಸಿಯೇಬಿಟ್ಟಳು.

ಉತ್ತರ ಬೇಗ ಬಂತು. ಬೇಗ ಬಂದದ್ದೇ ಅವಳಿಗೆ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ. ದುವಾರ್ತೆ ಒಂದೇ ಸಾಲು ಬರೆದಿದ್ದ. "ಈ ವಿಡಿಯೋದ ಮೇಲೆ ಯಾರಾದರೂ ಕೈಯಾಡಿಸಿದ್ದಾರೆಯೇ? ತೆಗೆದವರೇ ಉತ್ತರಿಸಬೇಕು."

ಇತ್ತೋ ಕುರ್ಚಿ ಬಿಟ್ಟು ಎದ್ದಳು. ಇದರಲ್ಲಿ ಅವಳು ಮಾಡುವುದು ಏನೂ ಇರಲಿಲ್ಲ. ಬೆನ್ನಾಸರ್ ಕೂತರು. ಇಲ್ಲ ಎಂಬ ಎರಡಕ್ಷರ ಬರೆಯಲು ಎಷ್ಟು ಹೊತ್ತು ಬೇಕು? ಅವರು ಬರೆದರು, ಅಳಿಸಿದರು, ಕನ್ನಡಕ ತೆಗೆದು ಒರೆಸಿದರು. ಹೊರಗಿನಿಂದ ಯಾರೋ ಕೂಗಿದ್ದಕ್ಕೆ "ಬಂದೆ" ಎಂದರು, ಏಳಲಿಲ್ಲ. ಕೊನೆಗೆ ಫ್ರೆಂಚಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಬರೆದದ್ದನ್ನು ಇತ್ತೋ ಅವರ ಹೆಗಲಾಚೆಯಿಂದ ಓದಿದಳು.

"ಇದರ ಮೇಲೆ ಇಲ್ಲ. ಹೋದ ವರ್ಷ ಕಳಿಸಿದ್ದರ ಮೇಲೆ ಆಡಿಸಿದ್ದೆ. ಅದು ನನ್ನದೇ ಕೆಲಸ. ಸಂಘದ್ದಲ್ಲ."

ಈ ಮಾತನ್ನು ಅವರು ಸಭೆಯಲ್ಲಿ ಆಡಿರಲಿಲ್ಲ, ಊರಿನಲ್ಲಿ ಯಾರ ಮುಂದೆಯೂ ಆಡಿರಲಿಲ್ಲ.

ಆಮೇಲಿನ ಕಾಯುವಿಕೆಯನ್ನು ಏನೆಂದು ಹೇಳುವುದು? ಮದುಮಕ್ಕಳೆಲ್ಲ ಮನೆಗೆ ಹೋದರು. ಬೆನ್ನಾಸರ್ ಬಾಗಿಲು ಅರ್ಧ ಎಳೆದು ಬಂದರು. ಇಬ್ಬರೂ ಪರದೆಯ ಮುಂದೆ ಕೂತು ಹಮ್ಮಾಮಿನ ಒಲೆಯವನನ್ನು ಬೈದುಕೊಂಡರು. ಅಜಾನಿಗೆ ಸ್ವಲ್ಪ ಮುಂಚೆ ಪತ್ರ ಬಂತು. ಎರಡೂ ವಿಡಿಯೋಗಳ ಕಿಡಿ ಒಂದೇ ಜಾಗ, ಒಂದೇ ಕ್ಷಣ ಎಂದು ಬರೆದಿತ್ತು, ದೃಢಪಟ್ಟಿದೆ ಎಂದಿತ್ತು, ಕೆಳಗೆ ಇಬ್ಬರ ಹೆಸರೂ ಇತ್ತು. ಅನುಮಾನಿಸಿದ್ದಕ್ಕೆ ಕ್ಷಮೆ ಇರಲಿ ಎಂದು ಕೊನೆಯ ಸಾಲು. ಅದು ಯಾರನ್ನು ಕುರಿತದ್ದೋ ದುವಾರ್ತೆ ಹೇಳಿರಲಿಲ್ಲ.

ಇತ್ತೋ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಬೆನ್ನಾಸರ್ ಪತ್ರವನ್ನು ಎರಡು ಸಲ ಓದಿದರು.

"ಒಂದು ಕೇಳ್ಲಾ ಲಾಲ್ಲಾ? ನಿಜ ಹೇಳು. ನಾನು ಆ ಬೆಳಕಿನ ಮಾತು ಎತ್ತಿದ್ನಲ್ಲ, ಆಗ್ಲೇ ನಂಬಿದ್ಯಾ?"

ಹೌದು ಅನ್ನುವುದು ಸುಲಭವಿತ್ತು. ಅವರೂ ಅದನ್ನೇ ಕೇಳಲು ಕಾಯುತ್ತಿದ್ದಂತಿತ್ತು.

"ಇಲ್ಲ" ಎಂದಳು ಇತ್ತೋ. "ಹಚ್ಚಿದ ಗುರುತು ಹುಡುಕಿದೆ. ಸಿಗಲಿಲ್ಲ. ಆಮೇಲೆ ನಂಬಿದೆ."

ಬೆನ್ನಾಸರ್ ತಲೆದೂಗಿದರು. ಕಣ್ಣು ತುಂಬಿತ್ತು, ಆದರೆ ಬೇಸರವಿರಲಿಲ್ಲ.

"ಹಾಗಾದ್ರೆ ನಾಳೆನೂ ಬಾ" ಎಂದರು. "ನಾಳೆ ತೆಗೆಯೋದ್ರಲ್ಲೂ ಹುಡುಕು."